ಮಂಗಳ ಹಾಡದೆ ಏಳಬಾರದು

2024ರ ಡಿಸೆಂಬರ್. ಅರೇಬಿಕಾ ಕಾಫಿ ಕೊಯ್ಲು ಜೋರಾಗಿ ನಡೆಯುತ್ತಿತ್ತು. ನಾನು ಅಂಗಡಿಯಲ್ಲಿ ಒಂದು ಮಿಕ್ಸಿ ಬಿಚ್ಚಿಟ್ಟುಕೊಂಡು ಕೂತಿದ್ದೆ. ಗೋಡೌನಿನ ಯಜಮಾನರು ಬಂದರು. ಏನಾದರೂ ಇದ್ದರೆ ಫೋನ್ ಮಾಡುವವರು, ಆವತ್ತು ಅವರೇ ಬಂದಿದ್ದರು. ಸ್ಟೂಲ್ ಎಳೆದುಕೊಂಡು ಕೂತು, ನೀರು ಕೇಳಿ ಕುಡಿದು, ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಈ ಸಲ ಕಾಫಿ ಇಡಕ್ಕೆ ಜಾಗ ಸಾಲ್ತಿಲ್ಲ ಕಣಪ್ಪ. ಮಗ ಖರೀದಿ ಶುರು ಮಾಡಿದಾನೆ. ಏಪ್ರಿಲ್ ಹೊತ್ತಿಗೆ ಗೋಡೌನು ಬಿಟ್ಟುಕೊಟ್ರೆ ಉಪಕಾರ ಆಗುತ್ತೆ."

ಗೋಡೌನು ಅವರದು. ಬಿಡಿ ಅಂತ ಹೇಳುವ ಹಕ್ಕು ಅವರಿಗಿತ್ತು. ಅವರು ಉಪಕಾರ ಅಂದರು. ನನಗೆ ಬಾಯಿಗೆ ಮಾತು ಬರಲಿಲ್ಲ. "ಆಯ್ತು ಯಜಮಾನ್ರೆ, ನಮ್ಮವರ ಹತ್ರ ಮಾತಾಡ್ತೀನಿ" ಅಂದೆ ಅಷ್ಟೆ.

ಚಿಕ್ಕಮಗಳೂರಿನ ಅಂಚಿನಲ್ಲಿ, ತೋಟಗಳು ಶುರುವಾಗುವ ಕಡೆ, ಆ ಗೋಡೌನು ಇದೆ. 60 ಅಡಿ ಉದ್ದ, 30 ಅಡಿ ಅಗಲ, ಮೇಲೆ ತಗಡಿನ ಶೀಟು. 1990ರ ದಶಕದಲ್ಲಿ ಬೆಳೆದ ಕಾಫಿಯನ್ನು ಮಂಡಳಿಗೇ ಒಪ್ಪಿಸಬೇಕಿದ್ದ ಕಾಫಿ ಮಂಡಳಿಯ ಪೂಲಿಂಗ್ ಹೋಗಿ ಬೆಳೆಗಾರರು ಕಾಫಿಯನ್ನು ಸ್ವಂತವಾಗಿ ಮಾರುವಂತಾಯಿತಲ್ಲ, ಆಗ ಕಟ್ಟಿಸಿದ್ದು. ಆಮೇಲೆ ಬೆಲೆ ಬಿತ್ತು, ವ್ಯಾಪಾರ ನಿಂತಿತು, ಗೋಡೌನು ಖಾಲಿ ಬಿತ್ತು. 2013ರಲ್ಲಿ ನಾವು ಹತ್ತು ಹನ್ನೆರಡು ಜನ ನಾಟಕದ ತಾಲೀಮಿಗೆ ಜಾಗ ಹುಡುಕುತ್ತಾ ಅಲ್ಲಿಗೆ ಹೋದೆವು. ಮೂರು ತಿಂಗಳಿಗೆ ಅಂತ ಕೇಳಿದ್ದು. ಹನ್ನೆರಡು ವರ್ಷ ಇದ್ದೆವು.

ಅದಕ್ಕೆ ನಾವು ಹೆಸರು ಇಡಲೇ ಇಲ್ಲ. "ಸಂಜೆ ಗೋಡೌನಿಗೆ ಬರ್ತೀಯಾ?" ಅಂದರೆ ಊರಲ್ಲಿ ನಾಟಕದ ಹುಚ್ಚಿರುವವರಿಗೆಲ್ಲ ಗೊತ್ತಾಗುತ್ತಿತ್ತು.

ಮೊದಲ ದಿನ ಬಾಗಿಲು ತೆಗೆದು ಒಳಗೆ ಹೋಗಿ ಒಬ್ಬ "ಯಾರಿದೀರಿ?" ಅಂತ ಕೂಗಿದ. ಆ ಕೂಗು ಗೋಡೆಗೆ ಬಡಿದು, ಶೀಟಿಗೆ ಬಡಿದು ಗೋಜಲು ಗೋಜಲಾಗಿ ವಾಪಸ್ ಬಂತು. ಈ ಸದ್ದಿನಲ್ಲಿ ಮಾತು ಯಾರಿಗೂ ತಿಳಿಯುವುದಿಲ್ಲ ಅಂತ ಕೈಚೆಲ್ಲಿ ಕೂತಿದ್ದೆವು. ಮೂಲೆಯಲ್ಲಿ ಹಳೇ ಗೋಣಿಚೀಲದ ರಾಶಿ ಇತ್ತು. ಸುಮ್ಮನೆ ಒಂದು ಗೋಡೆಗೆ ಒಂದಿಪ್ಪತ್ತು ಚೀಲ ತೂಗುಹಾಕಿ ನೋಡಿದೆವು. ಸದ್ದು ಸ್ವಲ್ಪ ಮೆತ್ತಗಾಯಿತು. ಒಂದು ವಾರದಲ್ಲಿ ಮೂರೂ ಗೋಡೆಗೆ, ಶೀಟಿನ ಕೆಳಗಿನ ಕಬ್ಬಿಣದ ಪಟ್ಟಿಗೆ, ಒಟ್ಟು 240 ಚೀಲ ಕಟ್ಟಿದೆವು. ಹಿಂದಿನ ಸಾಲಿನಲ್ಲಿ ಕೂತವರಿಗೂ ಪಿಸುಮಾತು ಕೇಳಿಸತೊಡಗಿತು. ಮೈಕ್ ಇಲ್ಲದೆ, ಪಿಸುಮಾತಿನಲ್ಲಿ ನಾಟಕ ಆಡಬಹುದಾದ ಜಾಗ ನಮ್ಮ ಊರಿಗೆ ಬಂದಿದ್ದು ಹೀಗೆ. ಒಳಗೆ ಕಾಲಿಟ್ಟರೆ ಗೋಣಿಯ ವಾಸನೆ, ಅದರ ಅಡಿಯಲ್ಲಿ ಹಳೇ ಕಾಫಿಯ ವಾಸನೆ. ನನ್ನ ಅಂಗಿಯಲ್ಲಿ ಆ ವಾಸನೆ ಹನ್ನೆರಡು ವರ್ಷ ಹೋಗಲಿಲ್ಲ.

ಊರಿನಲ್ಲಿ ಕುವೆಂಪು ಕಲಾಮಂದಿರ ಇದೆ. ದೊಡ್ಡ ತಂಡಗಳು ಬಂದರೆ ಅಲ್ಲೇ ಆಡಬೇಕು, ಅದು ಬೇಕೇ ಬೇಕು. 1985ರಿಂದ ಹೆಗ್ಗೋಡಿನ ನೀನಾಸಂ ರಂಗಸಂಸ್ಥೆಯ ತಿರುಗಾಟ ತಂಡದವರು ಊರೂರು ಸುತ್ತದೇ ಇದ್ದಿದ್ದರೆ ನಮ್ಮಂಥವರಿಗೆ ನಾಟಕದ ರುಚಿ ಹತ್ತುತ್ತಲೇ ಇರಲಿಲ್ಲ. ಆದರೆ ಮೊದಲ ಸಲ ಬಣ್ಣ ಹಚ್ಚುವ ಹುಡುಗಿಗೆ, ನಾಲ್ಕು ಪುಟ ಬರೆದುಕೊಂಡು ಬಂದ ಹುಡುಗನಿಗೆ ದೊಡ್ಡ ಸಭಾಂಗಣ ಕೈಗೆ ಎಟಕುವುದಿಲ್ಲ. ನೂರು ಜನ ಬಂದರೂ ಅಲ್ಲಿ ಖಾಲಿ ಖಾಲಿ ಕಾಣುತ್ತದೆ. ಗೋಡೌನಿನಲ್ಲಿ ನಲವತ್ತು ಜನ ಬಂದರೆ ಮನೆ ತುಂಬಿದ ಹಾಗೆ. ಮಾತು ಮರೆತರೆ ಎದುರಿಗೆ ಕೂತವರೇ ಹೇಳಿಕೊಡುತ್ತಿದ್ದರು. ಅಲ್ಲಿ ಕಲಿತ ಒಬ್ಬಳು ಮುಂದೆ ಹೆಗ್ಗೋಡಿಗೆ ಹೋಗಿ ರಂಗಶಿಕ್ಷಣ ಮುಗಿಸಿಕೊಂಡು ಬಂದಳು. ಇಂಥ ಜಾಗ ಪ್ರತಿ ಊರಿಗೂ ಒಂದು ಬೇಕು ಅಂತ ನಾನು ಯಾರ ಎದುರು ಬೇಕಾದರೂ ಹೇಳುತ್ತೇನೆ.

ಯಜಮಾನರ ಮೇಲೆ ನನಗೆ ಎಳ್ಳಷ್ಟೂ ಬೇಜಾರಿಲ್ಲ, ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕೊರೋನಾ ಕಾಲದಲ್ಲಿ ಏಳು ತಿಂಗಳು ಬಾಡಿಗೆ ಮುಟ್ಟಲಿಲ್ಲ ಅವರು. ಅವರು ಗೋಡೌನು ಕೇಳಿದ ಚಳಿಗಾಲದಲ್ಲಿ ಅರೇಬಿಕಾ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಬೀಜ, 50 ಕೆ.ಜಿ. ಮೂಟೆಗೆ 20 ಸಾವಿರ ದಾಟಿತ್ತು. ಕೆಲವೇ ವರ್ಷದ ಹಿಂದೆ ಹೆಚ್ಚುಕಡಿಮೆ ಅದರ ಅರ್ಧ ಇತ್ತು. ಇಷ್ಟು ವರ್ಷ ಬೆಲೆಗಾಗಿ ಕಾದು ಕಾದು ಸುಸ್ತಾದ ಮನೆಯವರಿಗೆ ಈಗ ಗೋಡೌನು ಬೇಕು ಅನ್ನಿಸಿದರೆ ತಪ್ಪೇನಿದೆ?

ಆ ಭಾನುವಾರ ಎಲ್ಲರನ್ನೂ ಕರೆದೆವು. ಅಳು, ಸಿಟ್ಟು ಎಲ್ಲ ಆಯಿತು. ಹೊಸ ಜಾಗ ಹುಡುಕೋಣ ಅಂತ ಕೆಲವರು, ಇನ್ನು ಸಾಕು ಅಂತ ಕೆಲವರು. ಸದ್ದಿಲ್ಲದೆ ಖಾಲಿ ಮಾಡಿಕೊಂಡು ಹೋಗೋಣ, ಯಾರಿಗೂ ಹೇಳುವುದು ಬೇಡ ಅಂತಲೂ ಒಬ್ಬ ಹೇಳಿದ. ಮೂಲೆಯಲ್ಲಿ ನಮ್ಮ ಹಾರ್ಮೋನಿಯಂ ಮೇಷ್ಟ್ರು ಕೂತಿದ್ದರು. ಕಡೂರು, ತರೀಕೆರೆ ಕಡೆ ಪೌರಾಣಿಕ ನಾಟಕ ಕಲಿಸುತ್ತಾ ಜೀವನ ಕಳೆದವರು. ಮಾತು ಕಮ್ಮಿ.

"ಆಟ ಅರ್ಧಕ್ಕೇ ನಿಂತರೂ ಮಂಗಳ ಹಾಡದೆ ಏಳಬಾರದು" ಅಂದರು. "ಹನ್ನೆರಡು ವರ್ಷ ಆಡಿದೀರಿ. ಮಂಗಳ ಹಾಡಿ, ಆಮೇಲೆ ಏಳಿ."

ಅಲ್ಲಿಗೆ ತೀರ್ಮಾನವಾಯಿತು. ಐದು ದಿನ. 2025ರ ಮಾರ್ಚ್ 23ರಿಂದ 27. ಕೊನೇ ದಿನ ವಿಶ್ವ ರಂಗಭೂಮಿ ದಿನ, ಅದಾಗಿ ಮೂರು ದಿನಕ್ಕೆ ಯುಗಾದಿ. ಆಹ್ವಾನ ಪತ್ರಿಕೆಯಲ್ಲಿ "ಗೋಡೌನಿನ ಕೊನೆಯ ಐದು ದಿನ" ಅಂತ ಮಾತ್ರ ಹಾಕಿಸಿದೆವು.

ಮುಚ್ಚುವುದಕ್ಕೆ ಇಷ್ಟು ಕೆಲಸ ಇರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಶುರು ಮಾಡುವಾಗ ಒಂದು ಬೀಗ, ಒಂದು ಪೊರಕೆ ಸಾಕಾಗಿತ್ತು. ಈಗ ಮೇ ತಿಂಗಳ ಬೇಸಿಗೆ ಶಿಬಿರಕ್ಕೆ ದುಡ್ಡು ಕಟ್ಟಿದ್ದ ಮನೆಗಳಿಗೆ ಹೋಗಿ ವಾಪಸ್ ಕೊಟ್ಟು ಬರಬೇಕು. ಏಪ್ರಿಲ್‌ಗೆ ಬುಕ್ ಮಾಡಿದ್ದ ಎರಡು ತಂಡಗಳಿಗೆ ಹೇಳಬೇಕು. ಉತ್ಸವಕ್ಕೆ ಠಾಣೆಯಲ್ಲಿ ಅರ್ಜಿ ಕೊಡಬೇಕು, ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಇಲ್ಲ ಅಂತ ಬರೆದುಕೊಡಬೇಕು. ಪಕ್ಕದ ಮೂರು ಮನೆಗೆ ಹೋಗಿ ಮಾತಾಡಬೇಕು. ಮಾರ್ಚ್ ಕೊನೆ ಅಂದರೆ ಎಸ್ಸೆಸ್ಸೆಲ್ಸಿ ಪರೀಕ್ಷೆ. ಒಂದು ಮನೆಯಲ್ಲಿ ಪರೀಕ್ಷೆ ಬರೆಯುವ ಹುಡುಗಿ ಇದ್ದಳು. ಅವಳ ಅಮ್ಮ "ಏನೂ ತೊಂದರೆ ಇಲ್ಲ ಬಿಡಿ" ಅಂದರು. ಆದರೂ ಡೊಳ್ಳಿನ ಕಾರ್ಯಕ್ರಮ ಕೈಬಿಟ್ಟೆವು. ಅದು ಸರಿಯಾದ ನಿರ್ಧಾರ. ಐದು ದಿನದ ನಮ್ಮ ಸಂಭ್ರಮಕ್ಕೆ ಒಂದು ಮಗುವಿನ ಓದು ಕೆಡಬಾರದು.

ದುಡ್ಡಿನ ವಿಷಯ. ಐದು ದಿನದ ಪಾಸ್ 400 ರೂಪಾಯಿ, ದಿನದ ಟಿಕೆಟ್ 100. ಒಟ್ಟು ಖರ್ಚು 1 ಲಕ್ಷದ 12 ಸಾವಿರ ಬಂತು. ಪಾಸು, ಟಿಕೆಟ್‌ನಿಂದ ಅದರ ಅರ್ಧದಷ್ಟು ಹುಟ್ಟಿತು. ಉಳಿದಿದ್ದನ್ನು ಹಳಬರು ಹಾಕಿದರು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ, ಶಿಬಿರಕ್ಕೆ ಬರುತ್ತಿದ್ದ ಹುಡುಗರು ಐನೂರು, ಸಾವಿರ ಅಂತ ಕಳಿಸಿದರು. ಯಾರ ಹತ್ತಿರವೂ ಪ್ರಾಯೋಜಕರು ಅಂತ ಬ್ಯಾನರ್ ಹಾಕಿಸಲಿಲ್ಲ. ಕೊನೇ ಸಲ ಗೋಡೆಯ ಮೇಲೆ ನಮ್ಮ ಗೋಣಿಚೀಲ ಬಿಟ್ಟು ಬೇರೇನೂ ಕಾಣಬಾರದು ಅಂತ ನನ್ನ ಹಟ ಇತ್ತು.

ನನ್ನ ಕೆಲಸ ಬೆಳಕು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಗೋಡೌನಿಗೆ ಇದ್ದದ್ದು ಸಿಂಗಲ್ ಫೇಸ್ ಕರೆಂಟು, 5 ಕಿಲೋವ್ಯಾಟ್. ರಂಗಕ್ಕೆ ಬೆಳಕು ಬಿಡುವ ಹಳೇ ಪಾರ್ ಲೈಟ್ ಒಂದಕ್ಕೆ 1000 ವ್ಯಾಟ್, ಒಂದೊಂದೂ ನಾಲ್ಕು ಆಂಪ್ಸ್ ಮೇಲೆ ಎಳೆಯುತ್ತದೆ. ನಮ್ಮ ಹತ್ತಿರ ಹತ್ತು ಲೈಟ್ ಇದ್ದವು, ಒಟ್ಟಿಗೆ ನಾಲ್ಕಕ್ಕಿಂತ ಹೆಚ್ಚು ಪೂರ್ತಿ ಉರಿಸುವ ಹಾಗಿಲ್ಲ. ಉರಿಸಿದರೆ ಎಂಸಿಬಿ, ಅಂದರೆ ಲೋಡು ಜಾಸ್ತಿಯಾದಾಗ ಕರೆಂಟ್ ಕಡಿಯುವ ಸ್ವಿಚ್ಚು, ಬೀಳುತ್ತದೆ, ಫ್ಯಾನು, ಟೇಪು ಎಲ್ಲ ನಿಲ್ಲುತ್ತದೆ. ಹಾಗಾಗಿ ಒಂದನ್ನು ಏರಿಸಬೇಕಾದರೆ ಇನ್ನೊಂದನ್ನು ಇಳಿಸಲೇಬೇಕು. ಅಂಗಡಿಯಲ್ಲಿ ರಾತ್ರಿ ಕೂತು ನಾನೇ ಒಂದು ಡಿಮ್ಮರ್ ಪೆಟ್ಟಿಗೆ ಮಾಡಿದ್ದೆ. ಎಂಟು ನಾಬು. ಎರಡೂ ಕೈಯಲ್ಲಿ ಒಂದನ್ನು ಮೇಲೆ, ಒಂದನ್ನು ಕೆಳಗೆ ಮಾಡುತ್ತಾ ಹೋಗಬೇಕು. ಇದರಿಂದ ನಮ್ಮ ನಾಟಕಗಳಿಗೆ ಒಂದು ರೀತಿ ಬಂತು. ರಂಗದ ಒಂದು ಕಡೆ ಬೆಳಗಾದರೆ ಇನ್ನೊಂದು ಕಡೆ ತಾನಾಗೇ ಸಂಜೆ ಆಗುತ್ತಿತ್ತು. ನಿರ್ದೇಶಕರು ದೃಶ್ಯಗಳನ್ನು ಹಾಗೇ ಯೋಚಿಸುವುದನ್ನು ಕಲಿತರು. ಆಮೇಲೆ ಎಲ್‌ಇಡಿ ಪಾರ್ ಬಂದವು, ಕರೆಂಟಿನ ಚಿಂತೆ ಹೋಯಿತು. ಈ ಕೊನೇ ಐದು ದಿನಕ್ಕೆ ಹಳೇ ಲೈಟುಗಳನ್ನೂ ಅಟ್ಟದಿಂದ ಇಳಿಸಿ, ಒರೆಸಿ, ಹೊಸ ಹೋಲ್ಡರ್ ಹಾಕಿ ಕಟ್ಟಿದೆ. ಆ ಹಳದಿ ಬೆಳಕಿನಲ್ಲಿ ಮನುಷ್ಯರ ಮುಖಕ್ಕೆ ಬರುವ ಕಳೆ ಎಲ್‌ಇಡಿಯಲ್ಲಿ ಬರುವುದಿಲ್ಲ.

ಮೊದಲ ದಿನ ಮಕ್ಕಳದು. ಮಕ್ಕಳು ಅಂದರೆ ಹತ್ತು ವರ್ಷದ ಹಿಂದೆ ಶಿಬಿರದಲ್ಲಿ ಮಕ್ಕಳಾಗಿದ್ದವರು. ಆಗ ಆಡಿದ್ದ ಕಾಡುಪ್ರಾಣಿಗಳ ನಾಟಕವನ್ನೇ ಮತ್ತೆ ಆಡಿದರು. ಆನೆ ಆಗಿದ್ದವನಿಗೆ ಈಗ ಗಡ್ಡ ಬಂದಿದೆ. ಚೆನ್ನಾಗಿ ಆಯಿತು, ಜನ ತುಂಬಿದ್ದರು.

ಎರಡನೇ ದಿನ ಅಂಟಿಗೆ ಪಂಟಿಗೆಯವರು ಬಂದಿದ್ದರು. ಮಲೆನಾಡಿನಲ್ಲಿ ದೀಪಾವಳಿ ರಾತ್ರಿ ದೀಪ ಹಿಡಿದು ಮನೆಮನೆಗೆ ಹೋಗಿ ಹಾಡುವ ತಂಡ. ಹಿಂದೆ ಒಂದು ದೀಪಾವಳಿಗೆ ಗೋಡೌನಿನ ಬಾಗಿಲಿಗೂ ಬಂದು ಹಾಡಿದ್ದರು. ಕೊನೇ ಸಲ ದೀಪದ ಸಮೇತ ಬನ್ನಿ ಅಂತ ಕೇಳಿಕೊಂಡೆವು. ತಂಡದ ಹಿರಿಯರು ಒಪ್ಪಲಿಲ್ಲ. "ಹಾಡು ಬೇಕಾದ್ರೆ ಹೇಳ್ತೀವಿ. ಆ ದೀಪ ದೀಪಾವಳಿಗೇ ಸೈ ಮಾರಾಯ್ರೆ, ಈಗ ಹಚ್ಚಕ್ಕಾಗಲ್ಲ" ಅಂದರು. ದೀಪ ಇಲ್ಲದೆ ಹಾಡಿದರು. ಅವರು ಒಪ್ಪದೇ ಇದ್ದದ್ದು ನನಗೆ ತುಂಬಾ ಹಿಡಿಸಿತು. ಅವರ ಪಕ್ಕಕ್ಕೆ ನಾನು ಬೆಳಕನ್ನೂ ಜಾಸ್ತಿ ಮಾಡಲಿಲ್ಲ. ಒಂದೇ ಒಂದು ಲೈಟನ್ನು ಅರ್ಧಕ್ಕಿಂತ ಕೆಳಗೆ ಇಟ್ಟೆ. ನಾಲ್ಕು ಜನ ಹಾಡುವವರು, ಅವರ ಮಧ್ಯೆ ದೀಪ ಇರಬೇಕಾದ ಕಡೆ ಕತ್ತಲೆ.

ಮೂರನೇ ದಿನ, ಮಂಗಳವಾರ, ನಮ್ಮದೇ ನಾಟಕ. 2013ರಲ್ಲಿ ನಾವೇ ಕೂತು ಕಟ್ಟಿದ್ದು. ತೋಟದ ಲೈನ್ ಮನೆಯಲ್ಲಿ, ಅಂದರೆ ಕೂಲಿಯವರ ಸಾಲುಮನೆಯಲ್ಲಿ, ಒಂಟಿಯಾಗಿ ಉಳಿದ ಒಬ್ಬ ಅಜ್ಜಿಯ ಕತೆ. ಅಜ್ಜಿಯ ಪಾತ್ರಕ್ಕೆ ಆಗ ಮಾಡಿದ್ದವಳೇ ಬಂದಿದ್ದಳು. ಈಗ ಉಡುಪಿ ಕಡೆ ಟೀಚರ್. ರಜೆ ಹಾಕಿ ನಾಲ್ಕು ದಿನ ಮುಂಚೆ ಬಂದು ತಾಲೀಮಿಗೆ ನಿಂತಿದ್ದಳು.

ನಮ್ಮ ಗೋಡೌನಿಗೆ ಒಂದೇ ಒಂದು ಶತ್ರು ಇತ್ತು, ಮಳೆ. ತಗಡಿನ ಮೇಲೆ ಮಳೆ ಬಿದ್ದರೆ ಪಕ್ಕದಲ್ಲಿ ಕೂತವರ ಮಾತೂ ಕೇಳಿಸುವುದಿಲ್ಲ. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ನಾಟಕವೇ ಇರುತ್ತಿರಲಿಲ್ಲ. ಉತ್ಸವವನ್ನು ಮಾರ್ಚ್‌ನಲ್ಲಿ ಇಟ್ಟುಕೊಂಡಿದ್ದೂ ಅದಕ್ಕೇ.

ಎಂಟು ಗಂಟೆ ಆಗಿರಬೇಕು. ಅಜ್ಜಿ ಟ್ರಂಕಿನಿಂದ ಹಳೇ ಕಂಬಳಿ ತೆಗೆಯುವ ದೃಶ್ಯ. ಶೀಟಿನ ಮೇಲೆ ಟಪ್ ಅಂತ ಒಂದು ಸದ್ದಾಯಿತು. ಇನ್ನೊಂದು. ಮತ್ತೆ ನಾಲ್ಕೈದು. ನನ್ನ ಎದೆ ಧಸಕ್ ಅಂತು. ಒಂದು ನಿಮಿಷದಲ್ಲಿ ಮಳೆ ಹೊಯ್ಯತೊಡಗಿತು. ರಂಗದ ಮೇಲೆ ಅವಳ ತುಟಿ ಆಡುತ್ತಿದ್ದದ್ದು ಕಾಣುತ್ತಿತ್ತು, ಮಾತು ಇಲ್ಲ.

ನಾನು ಜನರ ಕಡೆ ನೋಡಿದೆ. ಅರ್ಧದಷ್ಟು ಜನ ತೋಟದವರು. ಎಲ್ಲರೂ ತಲೆ ಎತ್ತಿ ಶೀಟಿನ ಕಡೆ ನೋಡುತ್ತಿದ್ದರು. ಮುಖದಲ್ಲಿ ನಗು. ಆಗ ನನಗೆ ಹೊಳೆಯಿತು. ಇದು ಹೂಮಳೆ. ಕಾಫಿ ಗಿಡದ ಮೊಗ್ಗು ಅರಳಬೇಕಾದರೆ ಈ ಮಳೆ ಬೀಳಬೇಕು. ಬೀಳದಿದ್ದರೆ ಕೆರೆಯಿಂದ ನೀರೆತ್ತಿ ಸ್ಪ್ರಿಂಕ್ಲರ್ ಹಾಕಬೇಕು, ಡೀಸೆಲ್ ಸುರಿಯಬೇಕು. ಕೆರೆ ಇಲ್ಲದವರು ಆಕಾಶ ನೋಡಿಕೊಂಡು ಕೂರಬೇಕು. ಅವರೆಲ್ಲ ಒಂದು ತಿಂಗಳಿಂದ ಕಾಯುತ್ತಿದ್ದ ಮಳೆ ನಮ್ಮ ನಾಟಕದ ಮಧ್ಯೆ ಬಂದಿತ್ತು. ಎರಡನೇ ಸಾಲಿನಲ್ಲಿ ಒಬ್ಬರು ಫೋನ್ ಕಿವಿಗೆ ಒತ್ತಿಕೊಂಡು, ಇನ್ನೊಂದು ಕಿವಿ ಮುಚ್ಚಿಕೊಂಡು ಕೂಗುತ್ತಿದ್ದರು. "ಅಲ್ಲಿ ಬಿತ್ತಾ? ಎಷ್ಟು ಸೆಂಟ್ಸು?" ನಮ್ಮ ಕಡೆ ಮಳೆ ಲೆಕ್ಕ ಸೆಂಟ್ಸಿನಲ್ಲಿ. ನೂರು ಸೆಂಟ್ಸ್ ಅಂದರೆ ಒಂದು ಇಂಚು.

ಕರೆಂಟೂ ಹೋಯಿತು.

ಯಾರೂ ಏಳಲಿಲ್ಲ. ಮೊಬೈಲ್ ಟಾರ್ಚ್ ಹತ್ತಿದವು. ಹಿಂದಿನ ಕೋಣೆಯಿಂದ ಅಕ್ಕ ಬೆಲ್ಲದ ಕಾಫಿಯ ದೊಡ್ಡ ಪಾತ್ರೆ ತಂದಿಟ್ಟರು. ಹನ್ನೆರಡು ವರ್ಷ ನಮ್ಮ ಪ್ರತಿ ಶೋಗೆ ಕಾಫಿ ಮಾಡಿದವರು ಅವರು. ಅಜ್ಜಿಯ ವೇಷದಲ್ಲೇ ಅವಳು ರಂಗದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಳು. ಲೋಟ ಅವಳ ಕೈಗೂ ಹೋಯಿತು. ಮಾತಾಡಿದರೆ ಕೇಳಿಸದು, ಎಲ್ಲರೂ ಸುಮ್ಮನೆ ಮಳೆ ಕೇಳುತ್ತಾ ಕಾಫಿ ಕುಡಿದೆವು. ಇಪ್ಪತ್ತೈದು ನಿಮಿಷ.

ಮಳೆ ಸಣ್ಣದಾಯಿತು. ಕರೆಂಟ್ ಬರಲಿಲ್ಲ. ನಿಲ್ಲಿಸೋಣವಾ ಅಂತ ನಾನು ಕೇಳಿದೆ. ಅವಳು ಬೇಡ ಅಂದಳು. ನಾಟಕದ ಸಾಮಾನಿನಲ್ಲಿ ಎರಡು ಲಾಟೀನು ಇದ್ದವು. ಹಚ್ಚಿ ಅವಳ ಎರಡು ಪಕ್ಕ ಇಟ್ಟೆ. ಹಿಂದಿನವರಿಗೆ ಕಾಣಿಸುತ್ತಿರಲಿಲ್ಲ. ಅವರು ಎದ್ದು ಮುಂದೆ ಬಂದರು. ಮುಂದಿನವರು ರಂಗದ ಮೇಲೇ ಹತ್ತಿ ಕೂತರು. ನೂರಕ್ಕೆ ಹತ್ತಿರ ಜನ ಅವಳ ಸುತ್ತ, ಮಾರು ದೂರದಲ್ಲಿ. ಕೊನೇ ದೃಶ್ಯ ಪೂರ್ತಿ ಹಾಗೇ ಆಯಿತು. ಶೀಟಿನಿಂದ ನೀರು ತೊಟ್ಟಿಕ್ಕುವ ಸದ್ದು, ಅವಳ ಧ್ವನಿ. ಲೈನ್ ಮನೆಯಲ್ಲಿ ಮಳೆಗಾಲದ ರಾತ್ರಿ ಹೇಗಿರುತ್ತದೆ ಅಂತ ನಾನು ಹನ್ನೆರಡು ವರ್ಷ ಲೈಟಿನಿಂದ ತೋರಿಸಲು ಒದ್ದಾಡಿದ್ದೆ. ಆವತ್ತು ಅದು ತಾನಾಗಿ ಬಂದು ಕೂತಿತ್ತು.

ಹೊರಗೆ ಹೋಗುವಾಗ, ಫೋನಿನಲ್ಲಿ ಕೂಗುತ್ತಿದ್ದರಲ್ಲ, ಅವರು ನನ್ನ ಕೈ ಹಿಡಿದುಕೊಂಡರು. "ನಮ್ಮ ಕಣ ಖಾಲಿ ಇದೆ ಈಗ. ರೋಬಸ್ಟಾ ಒಣಗಿಸೋದು ಮುಗೀತು. ಸಿಮೆಂಟ್ ಕಣ, ಇನ್ನೂರು ಜನ ಕೂರಬಹುದು. ಮಳೆಗಾಲ ಹಿಡಿಯೋ ತನಕ ಬಂದು ಆಡಿ" ಅಂದರು. ಆ ಹೊತ್ತಿಗೆ ನಾನು ಬರೀ ತಲೆ ಆಡಿಸಿದೆ. ಆಮೇಲೆ ಮೇ ತಿಂಗಳಲ್ಲಿ ಅವರ ಕಣದಲ್ಲಿ ಎರಡು ನಾಟಕ ಆಡಿದೆವು. ಜಾಗ ಚೆನ್ನಾಗಿದೆ. ಆದರೆ ಬಯಲಿನಲ್ಲಿ ಪಿಸುಮಾತು ನಿಲ್ಲುವುದಿಲ್ಲ, ಅದಕ್ಕೆ ಬೇರೆ ಥರ ಆಡಬೇಕು. ಕಲಿಯುತ್ತಿದ್ದೇವೆ.

ನಾಲ್ಕನೇ ದಿನ ಮೇಷ್ಟ್ರದು. ಅವರ ಹತ್ತಿರ ಕಲಿತವರು ಕಡೂರಿನ ಕಡೆಯಿಂದ ಎರಡು ಟೆಂಪೋದಲ್ಲಿ ಬಂದರು. ರೈತರು, ಒಬ್ಬ ಕಂಡಕ್ಟರ್, ಒಬ್ಬ ತೆಂಗಿನಕಾಯಿ ವ್ಯಾಪಾರಿ. ಪೂರ್ತಿ ನಾಟಕಕ್ಕೆ ರಾತ್ರಿಯಿಡೀ ಬೇಕು, ನಮಗೆ ಹತ್ತು ಗಂಟೆಯ ಮಿತಿ. ದುರ್ಯೋಧನ, ಕರ್ಣ, ಕೃಷ್ಣ ಒಬ್ಬೊಬ್ಬರೂ ಒಂದೊಂದು ಸನ್ನಿವೇಶ ಅಂತ ಹಂಚಿಕೊಂಡೆವು. ಆ ಸಣ್ಣ ಜಾಗದಲ್ಲಿ ಆ ಕಂಠಗಳು! ಗೋಣಿಚೀಲ ಅಲ್ಲಾಡಿದ ಹಾಗಾಯಿತು. ಮೇಷ್ಟ್ರಿಗೆ 74 ವರ್ಷ. ಎರಡೂವರೆ ಗಂಟೆ ಹಾರ್ಮೋನಿಯಂ ಬಿಟ್ಟು ಏಳಲಿಲ್ಲ.

27ರಂದು ನಾಟಕ ಇರಲಿಲ್ಲ. ಮಧ್ಯಾಹ್ನ ಮೂರರಿಂದ ಸಾಮಾನು ಹಂಚುವುದು. ಈ ದಿನದ ಬಗ್ಗೆ ನಮ್ಮಲ್ಲಿ ಎಲ್ಲದಕ್ಕಿಂತ ಹೆಚ್ಚು ಚರ್ಚೆ ಆಗಿತ್ತು. ಮಾರಿಬಿಡೋಣ ಅಂತ ಒಂದು ಮಾತು ಬಂದಿತ್ತು. ಗುಜರಿಯವನು ಬಂದು ರೇಟೂ ಹೇಳಿ ಹೋಗಿದ್ದ. ನಾನು ಹಟ ಹಿಡಿದು ಬೇಡ ಅಂದೆ. ಊರವರ ಐವತ್ತು, ನೂರರಿಂದ ಆದ ಸಾಮಾನು. ಮತ್ತೆ ರಂಗದ ಮೇಲೋ, ಮಕ್ಕಳ ಮುಂದೆಯೋ ನಿಲ್ಲಬೇಕು. ಕೊನೆಗೆ ಒಂದೇ ನಿಯಮ ಮಾಡಿದೆವು. ದುಡ್ಡು ಬೇಡ. ಏನು ಒಯ್ಯುತ್ತೀರಿ, ಏನಕ್ಕೆ ಬಳಸುತ್ತೀರಿ ಅಂತ ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಿ ತೆಗೆದುಕೊಂಡು ಹೋಗಿ.

ಅದು ನಮ್ಮ ಶೋ ರಿಜಿಸ್ಟರ್. ಮುನ್ನೂರ ಹನ್ನೆರಡು ಪ್ರದರ್ಶನ, ತಾರೀಖು, ಎಷ್ಟು ಜನ, ಎಷ್ಟು ದುಡ್ಡು. ಕೊನೇ ಪುಟಗಳು ಖಾಲಿ ಇದ್ದವು. ಅಲ್ಲಿಂದ ಶುರು ಮಾಡಿದೆವು.

ಎಲ್‌ಇಡಿ ಲೈಟು ಕಡೂರಿನ ತಂಡಕ್ಕೆ. ಕಪ್ಪು ಪರದೆ, ರಂಗದ ಪಕ್ಕಕ್ಕೆ ಕಟ್ಟುವ ವಿಂಗು, ಜಮಖಾನ ಹಾಸನದ ಕಾಲೇಜು ಹುಡುಗರಿಗೆ. ರಂಗದ ಮೇಲೆ ಎತ್ತರಕ್ಕೆ ಇಡುವ ಮರದ ಲೆವೆಲ್ಸ್ ಎರಡು ಸರ್ಕಾರಿ ಶಾಲೆಗೆ ಹೋದವು. ಮುಖವಾಡಗಳನ್ನು ಶಿಬಿರದ ಮಕ್ಕಳೇ ಹಂಚಿಕೊಂಡರು. ನನ್ನ ಡಿಮ್ಮರ್ ಪೆಟ್ಟಿಗೆ ಯಾರಿಗೂ ಬೇಕಾಗಲಿಕ್ಕಿಲ್ಲ ಅಂದುಕೊಂಡಿದ್ದೆ. ಐಟಿಐ ಓದುವ ಒಬ್ಬ ಹುಡುಗ ಬಂದ. ಮುಚ್ಚಳ ತೆಗೆದು ಒಳಗೆ ಬಹಳ ಹೊತ್ತು ನೋಡಿದ. "ಅಣ್ಣ, ಈ ವೈರಿಂಗ್ ನೀವೇ ಮಾಡಿದ್ದಾ?" ಅಂದ. ಹೂಂ ಅಂದೆ. ರಿಜಿಸ್ಟರಿನಲ್ಲಿ "ಕಲಿಯುವುದಕ್ಕೆ" ಅಂತ ಬರೆದ.

ಬೆಂಚುಗಳು ಸಿಲ್ವರ್ ಓಕ್ ಹಲಗೆಯವು. ತೋಟಗಳಲ್ಲಿ ನೆರಳಿಗೆ ಬೆಳೆಸುವ ಮರ. ಒಂದು ತೋಟದವರು ಬಿದ್ದ ಮರ ಕೊಟ್ಟಿದ್ದರು, ಕೊಯ್ಸಿ ನಾವೇ ಮೊಳೆ ಹೊಡೆದು ಮಾಡಿಕೊಂಡಿದ್ದೆವು. ಅಂಗನವಾಡಿಗೆ ಅಂತ ಒಬ್ಬರು ನಾಲ್ಕು ಒಯ್ದರು. ಸಂಜೆ ಐದರ ಹೊತ್ತಿಗೆ ಒಬ್ಬರು ಬಂದು ಎರಡನೇ ಸಾಲಿನ ಎಡಗಡೆಯ ಬೆಂಚಿನ ಹತ್ತಿರ ನಿಂತರು. ನನಗೆ ಅವರ ಪರಿಚಯ ಇರಲಿಲ್ಲ. "ಇದರಲ್ಲಿ ಈ ತುದಿ ಒಂದು ಹಲಗೆ ಮಾತ್ರ ಸಿಗುತ್ತಾ?" ಅಂತ ಕೇಳಿದರು. ಅವರ ತಂದೆ ಪ್ರತಿ ಶೋಗೆ ಬರುತ್ತಿದ್ದವರು. ಹೆಗಲ ಮೇಲೆ ಟವೆಲ್, ಕೈಯಲ್ಲಿ ಕೊಡೆ, ಯಾವಾಗಲೂ ಅದೇ ತುದಿ. ಕೇಳಿದ ಕೂಡಲೇ ನನಗೆ ಮುಖ ಕಣ್ಣ ಮುಂದೆ ಬಂತು. 2021ರಲ್ಲಿ ತೀರಿಕೊಂಡರಂತೆ. ಬರುವುದು ನಿಂತಿದ್ದನ್ನು ನಾವು ಗಮನಿಸಿದ್ದೆವು, ಯಾಕೆ ಅಂತ ವಿಚಾರಿಸಿರಲಿಲ್ಲ. ಅದು ನನ್ನನ್ನು ಇವತ್ತಿಗೂ ಚುಚ್ಚುತ್ತದೆ. ಕಟಿಂಗ್ ಪ್ಲೇಯರ್ ತಂದು ಆರು ಮೊಳೆ ಕಿತ್ತು ಹಲಗೆ ಬಿಡಿಸಿಕೊಟ್ಟೆ. ತುದಿ ಕಡೆ ಮರ ನುಣ್ಣಗೆ ಸವೆದಿತ್ತು. ಅವರು ರಿಜಿಸ್ಟರಿನಲ್ಲಿ "ಮನೆ ಜಗಲಿಗೆ" ಅಂತ ಬರೆದರು.

ಸಂಜೆ ಏಳಕ್ಕೆ ಯಾರು ಬೇಕಾದರೂ ಐದು ನಿಮಿಷ ರಂಗಕ್ಕೆ ಬರಬಹುದು ಅಂತ ಇಟ್ಟಿದ್ದೆವು. ಇಪ್ಪತ್ತೆಂಟು ಜನ ಬಂದರು. ಕಾಫಿ ಅಕ್ಕ ಸೋಬಾನೆ ಹಾಡಿದರು. ಹನ್ನೆರಡು ವರ್ಷದಲ್ಲಿ ಅವರು ರಂಗ ಹತ್ತಿದ್ದು ಅದೇ ಮೊದಲು. ಯಜಮಾನರೂ ಬಂದು ಹಿಂದೆ ನಿಂತಿದ್ದರು. ಕರೆದರೆ ಬರಲಿಲ್ಲ, ಕೈ ಮುಗಿದರು. ಹತ್ತಕ್ಕೆ ಐದು ನಿಮಿಷ ಇರುವಾಗ ಮೇಷ್ಟ್ರು ಹಾರ್ಮೋನಿಯಂ ಎಳೆದುಕೊಂಡು ಮಂಗಳ ಎತ್ತಿದರು. ಎಲ್ಲರೂ ಎದ್ದು ನಿಂತರು. ಲೈಟುಗಳನ್ನು ಒಂದೊಂದಾಗಿ ಇಳಿಸಬೇಕು ಅಂತ ಯೋಚಿಸಿಕೊಂಡಿದ್ದೆ. ಆಗ ಕೈ ಬರಲಿಲ್ಲ. ಹತ್ತೂ ಉರಿಯಲಿ ಅಂತ ಬಿಟ್ಟೆ, ಎಂಸಿಬಿ ಬೀಳುವಷ್ಟು ಏರಿಸದೆ, ಎಲ್ಲವನ್ನೂ ಅರ್ಧಕ್ಕಿಂತ ಕೆಳಗೆ.

ಯುಗಾದಿ ಕಳೆದ ಮೇಲೆ ಮೂರು ದಿನ ಗೋಡೌನು ಕ್ಲೀನ್ ಮಾಡಿದೆವು. ಉಳಿದ ದುಡ್ಡು 9 ಸಾವಿರ ಚಿಲ್ಲರೆ. ಅದರಲ್ಲಿ ಗೋಡೆಗೆ ಸುಣ್ಣ ಹೊಡೆಸಿ, ಸೋರುತ್ತಿದ್ದ ಎರಡು ಶೀಟು ಬದಲಾಯಿಸಿದೆವು. ಕಾಫಿಗೆ ನೀರು ತಾಗಬಾರದಲ್ವಾ. ಗೋಣಿಚೀಲ ಇಳಿಸುವುದು ಕೊನೇ ಕೆಲಸ. 240 ಚೀಲ, ಹನ್ನೆರಡು ವರ್ಷದ ಧೂಳು. ಬಾಯಿಗೆ ಬಟ್ಟೆ ಕಟ್ಟಿಕೊಂಡು ಇಳಿಸಿದೆವು. ಕಾಫಿ ನರ್ಸರಿಯವರೊಬ್ಬರು ಪಾತಿಗೆ ಮುಚ್ಚಲು ಬೇಕು ಅಂತ ಪಿಕಪ್ ತಂದು ತುಂಬಿಕೊಂಡು ಹೋದರು. ರಿಜಿಸ್ಟರಿನ ಕೊನೇ ಸಹಿ ಅವರದು.

ಏಪ್ರಿಲ್ 4, ಶುಕ್ರವಾರ ಬೆಳಿಗ್ಗೆ ಬೀಗದ ಕೈ ಕೊಡಲು ಹೋದೆವು. ಹೂಮಳೆ ಬಿದ್ದು ಹತ್ತು ದಿನ ಆಗಿತ್ತು. ರಸ್ತೆಯ ಆಚೆ ತೋಟ ಪೂರ್ತಿ ಬೆಳ್ಳಗೆ ಅರಳಿತ್ತು, ಗಾಳಿಯಲ್ಲೆಲ್ಲ ಮಲ್ಲಿಗೆಯಂಥ ಆ ಘಮ. ಯಜಮಾನರು ಮಗನ ಜೊತೆ ಬಂದಿದ್ದರು. ಅಡ್ವಾನ್ಸ್ 60 ಸಾವಿರ, ಒಂದು ರೂಪಾಯಿ ಕಡಿಮೆ ಮಾಡದೆ ಕೊಟ್ಟರು. ಮಗ ಒಳಗೆ ಹೋಗಿ ಅಳತೆ ಪಟ್ಟಿ ಹಿಡಿದು ನೋಡುತ್ತಿದ್ದ. ಎಲ್ಲಿವರೆಗೆ ಮೂಟೆ ಜೋಡಿಸಬಹುದು ಅಂತ ಇರಬೇಕು. ಇನ್ನೊಂದು ತುದಿ ಹಿಡಿಯಲು ಜನ ಬೇಕಾಗಿತ್ತು.

"ಯಾರಿದೀರಿ?" ಅಂತ ಕೂಗಿದ.

ಚೀಲ ಇರಲಿಲ್ಲ. ಕೂಗು ಗೋಡೆಗೆ ಬಡಿದು, ಶೀಟಿಗೆ ಬಡಿದು, ಗೋಜಲು ಗೋಜಲಾಗಿ ವಾಪಸ್ ಬಂತು. ನಾನು ಒಳಗೆ ಹೋಗಿ ಪಟ್ಟಿಯ ತುದಿ ಹಿಡಿದುಕೊಂಡೆ.